ಬೂತ್ ಪಟ್ಟಿಯಿಂದ ಎಣಿಕೆ ಮೇಜಿನವರೆಗೆ: ವಿಧಾನಸಭಾ ಕ್ಷೇತ್ರದಲ್ಲಿ ಪಕ್ಷ ಮಾಡಬೇಕಾದ ಕೆಲಸ

ಕರ್ನಾಟಕ ವಿಧಾನಸಭೆಗೆ 224 ಸ್ಥಾನ, ಬಹುಮತಕ್ಕೆ 113. ಅದು ರಾಜ್ಯ ನಾಯಕರ ಲೆಕ್ಕ. ಕ್ಷೇತ್ರದಲ್ಲಿ ಓಡಾಡುವವರ ಲೆಕ್ಕ ಇನ್ನೂ ಚಿಕ್ಕದು. 2004ರಲ್ಲಿ ಸಂತೇಮರಹಳ್ಳಿಯಲ್ಲಿ ಆರ್. ಧ್ರುವನಾರಾಯಣ ಗೆದ್ದದ್ದು ಒಂದೇ ಮತದಿಂದ: ಅವರಿಗೆ 40,752, ಎ.ಆರ್. ಕೃಷ್ಣಮೂರ್ತಿಯವರಿಗೆ 40,751. 2023ರಲ್ಲಿ ಜಯನಗರದಲ್ಲಿ ಮರುಎಣಿಕೆ ಮುಗಿದಾಗ ಉಳಿದ ಅಂತರ 16. ಇಷ್ಟು ಮತ ಕೈತಪ್ಪಲು ದೊಡ್ಡ ಕಾರಣವೇನೂ ಬೇಕಿಲ್ಲ. ಪಟ್ಟಿಯಲ್ಲಿ ಹೆಸರು ಬಿಟ್ಟುಹೋದ ನಾಲ್ಕು ಮನೆ, ಬಿಸಿಲು ಇಳಿಯಲೆಂದು ಕಾದು ಕೊನೆಗೆ ಮತಗಟ್ಟೆಗೆ ಬಾರದೇ ಹೋದ ಕೆಲವರು, ಅಷ್ಟು ಸಾಕು. ಆದ್ದರಿಂದ ಇಲ್ಲಿ ಭಾಷಣ, ಫ್ಲೆಕ್ಸುಗಳಿಗಿಂತ ಮತದಾರರ ಪಟ್ಟಿಯ ಮಾತೇ ಹೆಚ್ಚು. ಪಕ್ಷ ಯಾವುದಾದರೂ ಈ ಕೆಲಸ ಒಂದೇ.

ಮೊದಲು ಹಳೆಯ ಫಲಿತಾಂಶ ಓದಿ

ರಾಜ್ಯದ ಮುಖ್ಯ ಚುನಾವಣಾಧಿಕಾರಿಯ ಜಾಲತಾಣದಲ್ಲಿ ಫಾರಂ 20 ಸಿಗುತ್ತದೆ. ಪ್ರತಿ ಮತಗಟ್ಟೆಯಲ್ಲಿ ಯಾವ ಅಭ್ಯರ್ಥಿಗೆ ಎಷ್ಟು ಮತ ಬಂತು ಎಂಬ ಅಂತಿಮ ಪಟ್ಟಿ ಅದು. ನಿಮ್ಮ ಕ್ಷೇತ್ರದ 2018 ಮತ್ತು 2023ರ ವಿಧಾನಸಭೆ, 2019 ಮತ್ತು 2024ರ ಲೋಕಸಭೆ, ಈ ನಾಲ್ಕನ್ನೂ ಇಳಿಸಿಕೊಂಡು ಒಂದೇ ಹಾಳೆಯಲ್ಲಿ ಪಕ್ಕಪಕ್ಕ ಹಾಕಿ. ಎಲ್ಲರೂ ಎಡವುವ ಜಾಗ ಇಲ್ಲೊಂದಿದೆ. ಮತಗಟ್ಟೆಗಳ ಸಂಖ್ಯೆ ಪ್ರತಿ ಚುನಾವಣೆಗೂ ಬದಲಾಗುತ್ತದೆ. ದೊಡ್ಡ ಮತಗಟ್ಟೆ ಎರಡಾಗುತ್ತದೆ, ಚಿಕ್ಕವು ಸೇರಿಕೊಳ್ಳುತ್ತವೆ. ಒಂದು ಮತಗಟ್ಟೆಗೆ ಗರಿಷ್ಠ 1,500 ಮತದಾರರು ಎಂಬ ಮಿತಿಯನ್ನು ಚುನಾವಣಾ ಆಯೋಗ 2025ರಲ್ಲಿ 1,200ಕ್ಕೆ ಇಳಿಸಿರುವುದರಿಂದ ಮುಂದೆ ಇದು ಇನ್ನೂ ಹೆಚ್ಚು. 2018ರ 112ನೇ ಬೂತು 2023ರಲ್ಲಿ 118 ಆಗಿರಬಹುದು. ಸಂಖ್ಯೆ ನೋಡಿ ಹೋಲಿಸಿದರೆ ಯಾವುದೋ ಊರಿನ ಮತ ಯಾವುದೋ ಊರಿನ ಲೆಕ್ಕಕ್ಕೆ ಬೀಳುತ್ತದೆ. ಶಾಲೆಯ ಹೆಸರು, ಕೊಠಡಿ, ಸೇರಿದ ಊರು-ಕೇರಿ ನೋಡಿ ಹೊಂದಿಸಿ. ಎರಡು ದಿನದ ಕೆಲಸ, ಆದರೆ ಮುಂದಿನದೆಲ್ಲ ನಿಂತಿರುವುದು ಇದರ ಮೇಲೆ.

ನಂತರ ಗುರಿ ಹಾಕಿಕೊಳ್ಳಿ. ಕ್ಷೇತ್ರದಲ್ಲಿ 2.2 ಲಕ್ಷ ಮತದಾರರು, 250 ಮತಗಟ್ಟೆ ಎಂದುಕೊಳ್ಳೋಣ. ಶೇ 73 ಮತದಾನವಾದರೆ ಸುಮಾರು 1.6 ಲಕ್ಷ ಮತ. ತ್ರಿಕೋನ ಸ್ಪರ್ಧೆಯಲ್ಲಿ ಶೇ 42 ಬಂದರೆ ಗೆಲುವು ಎಂದು ಅಂದಾಜಿಸಿದರೆ ಬೇಕಾದದ್ದು 67,500 ಮತ, ಅಂದರೆ ಬೂತಿಗೆ ಸರಾಸರಿ 270. ಈ 270 ಎಲ್ಲ ಬೂತಿಗೂ ಒಂದೇ ಅಲ್ಲ. ನಿಮ್ಮದೇ ಕೋಟೆಯಂಥ ಬೂತಿಗೆ 450, ಎಂದೂ ಸಿಗದ ಬೂತಿಗೆ 90 ಎಂದು ಹಂಚಿ. ನಾಲ್ಕು ಚುನಾವಣೆಯಲ್ಲೂ ಮುಂದಿದ್ದದ್ದು, ನಾಲ್ಕರಲ್ಲೂ ಹಿಂದಿದ್ದದ್ದು, ಆಚೀಚೆ ಹೊರಳುವುದು ಎಂದು ಬೂತುಗಳನ್ನು ಮೂರು ಗುಂಪು ಮಾಡಿ. ಹೊರಳುವ ಬೂತುಗಳಲ್ಲೇ ಅಭ್ಯರ್ಥಿಯ ಹೆಚ್ಚಿನ ಸಮಯ ಕಳೆಯಬೇಕು. ಹಾಗೆ ಮಾಡುವ ಅಭ್ಯರ್ಥಿಗಳು ಕಡಿಮೆ. ಜೈಕಾರ ಹಾಕುವ ಊರಿಗೆ ಹೋಗುವುದು ಯಾರಿಗೂ ಹಿತ, ಆದರೆ ಅಲ್ಲಿ ಹೊಸದಾಗಿ ಬರುವ ಮತ ಇಲ್ಲ.

ಪಟ್ಟಿ ಸರಿಮಾಡುವುದು: ಕನಿಷ್ಠ ಎಂಟು ತಿಂಗಳು ಮುಂಚೆ

ಪಕ್ಷ ಪ್ರತಿ ಮತಗಟ್ಟೆಗೂ ಒಬ್ಬ ಬೂತ್ ಮಟ್ಟದ ಏಜೆಂಟ್, ಅಂದರೆ ಬಿಎಲ್‌ಎ, ನೇಮಿಸಬಹುದು. ಸರಕಾರದ ಬೂತ್ ಮಟ್ಟದ ಅಧಿಕಾರಿ, ಅಂದರೆ ಬಿಎಲ್‌ಒ ಜೊತೆ ಕೂತು ಪಟ್ಟಿ ನೋಡುವ ಅಧಿಕಾರ ಇವರಿಗಿದೆ. ಬಹಳ ಕ್ಷೇತ್ರಗಳಲ್ಲಿ ಈ ನೇಮಕ ಕಾಗದದಲ್ಲೇ ಉಳಿಯುತ್ತದೆ. ಯಾರದೋ ಹೆಸರು ಬರೆದು ಕೊಟ್ಟಿರುತ್ತಾರೆ, ಆ ವ್ಯಕ್ತಿಗೆ ಅದು ಗೊತ್ತೇ ಇರುವುದಿಲ್ಲ. ಬಿಎಲ್‌ಎ ಅದೇ ಮತಗಟ್ಟೆಯ ಮತದಾರ ಆಗಿರಲಿ, ಓದು-ಬರಹ ಬಲ್ಲವರಾಗಿರಲಿ, ಊರಲ್ಲೇ ಇರುವವರಾಗಿರಲಿ. ಅಂಗನವಾಡಿ ಪಕ್ಕದ ಮನೆಯ ಹೆಣ್ಣುಮಗಳು ಈ ಕೆಲಸಕ್ಕೆ ಊರ ಮುಖಂಡನಿಗಿಂತ ಚೆನ್ನಾಗಿ ಒದಗುತ್ತಾಳೆ. ಯಾರ ಮನೆಗೆ ಸೊಸೆ ಬಂದಳು, ಯಾರ ಮಗ ಬೆಂಗಳೂರಿಗೆ ಹೋದ ಎಂಬುದು ಅವಳಿಗೆ ಗೊತ್ತು.

ಹೊಸ ಹೆಸರಿಗೆ ಫಾರಂ 6, ಹೆಸರು ತೆಗೆಯಲು ಅಥವಾ ಆಕ್ಷೇಪಿಸಲು ಫಾರಂ 7, ವಿಳಾಸ ಬದಲಾವಣೆ ಮತ್ತು ತಿದ್ದುಪಡಿಗೆ ಫಾರಂ 8. ವರ್ಷಕ್ಕೆ ಒಂದಿದ್ದ ಅರ್ಹತಾ ದಿನಾಂಕ, ಅಂದರೆ ಹದಿನೆಂಟು ತುಂಬಿದೆಯೇ ಎಂದು ನೋಡುವ ದಿನ, 2022ರಿಂದ ನಾಲ್ಕಾಗಿದೆ: ಜನವರಿ 1, ಏಪ್ರಿಲ್ 1, ಜುಲೈ 1, ಅಕ್ಟೋಬರ್ 1. ಹದಿನೆಂಟು ತುಂಬುವ ಹುಡುಗ-ಹುಡುಗಿಯರ ಹೆಸರನ್ನು ಪಿಯು ಕಾಲೇಜು ಮುಗಿಸುವಾಗಲೇ ಬರೆದಿಟ್ಟುಕೊಳ್ಳಿ. ಮದುವೆಯಾಗಿ ಬಂದವರು ಇನ್ನೊಂದು ದೊಡ್ಡ ಗುಂಪು. ತವರಿನ ಪಟ್ಟಿಯಲ್ಲಿ ಹೆಸರು ಇದ್ದೇ ಇರುತ್ತದೆ, ಗಂಡನ ಊರಲ್ಲಿ ಇರುವುದಿಲ್ಲ. ಇವರಿಗೆ ಫಾರಂ 8. ಗೊತ್ತಿಲ್ಲದೆ ಫಾರಂ 6 ಹಾಕಿಸಿದರೆ ಎರಡು ಕಡೆ ಹೆಸರಾಗಿ ತೊಂದರೆಗೆ ಸಿಕ್ಕುವವರು ಆ ಹೆಣ್ಣುಮಗಳೇ ಹೊರತು ನೀವಲ್ಲ. ಚುನಾವಣೆ ಘೋಷಣೆಯಾದ ಮೇಲೂ ಅರ್ಜಿ ಹಾಕಬಹುದು, ಆದರೆ ಪರಿಶೀಲನೆಗೆ ಸಮಯ ಬೇಕು. ನಾಮಪತ್ರದ ಕೊನೆಯ ದಿನಕ್ಕೆ ಹತ್ತು ದಿನ ಮುಂಚೆ ಸಲ್ಲಿಸದ ಅರ್ಜಿ ಈ ಚುನಾವಣೆಗೆ ಒದಗಲಿಲ್ಲವೆಂದೇ ತಿಳಿಯಿರಿ.

ಫಾರಂ 7 ವಿಷಯದಲ್ಲಿ ಎಚ್ಚರ. ತೀರಿಕೊಂಡವರ, ಊರು ಬಿಟ್ಟವರ ಹೆಸರು ತೆಗೆಸುವುದು ಸರಿಯಾದ ಕೆಲಸ. ಎದುರಾಳಿಯ ಮತದಾರರೆಂದು ಗುಮಾನಿಯಿಂದ ರಾಶಿ ಅರ್ಜಿ ಹಾಕುವುದು ಅಪರಾಧ. ಸುಳ್ಳು ಘೋಷಣೆಗೆ ಜೈಲು ಶಿಕ್ಷೆಯಿದೆ. 2023ರ ಚುನಾವಣೆಗೆ ಮುಂಚೆ ಆಳಂದದಲ್ಲಿ ಹೆಸರು ತೆಗೆಯಲು 6,018 ಆನ್‌ಲೈನ್ ಅರ್ಜಿ ಬಂದಿದ್ದವು, ಪರಿಶೀಲಿಸಿದಾಗ ಸರಿಯಾಗಿದ್ದವು 24 ಮಾತ್ರ. ನಿಮ್ಮ ಬೂತಿನಲ್ಲೂ ಹೀಗಾಗಬಹುದು. ನೋಂದಣಾಧಿಕಾರಿ ಪ್ರಕಟಿಸುವ ಆಕ್ಷೇಪಣೆಗಳ ಪಟ್ಟಿಯನ್ನು ವಾರಕ್ಕೊಮ್ಮೆ ನೋಡಿ, ಹೆಸರು ಕಂಡವರ ಮನೆಗೆ ಅಂದೇ ಹೋಗಿ ವಿಚಾರಿಸುವ ಒಬ್ಬರನ್ನು ಕ್ಷೇತ್ರ ಮಟ್ಟದಲ್ಲಿ ಗೊತ್ತುಮಾಡಿ.

ಬೂತ್ ತಂಡ ಮತ್ತು ಗುರುತು ಹಾಕುವ ಬಗೆ

880 ಮತದಾರರ ಬೂತಿನಲ್ಲಿ ಹೆಚ್ಚೂಕಡಿಮೆ 240 ಮನೆ ಇರುತ್ತವೆ. ಹತ್ತು ಜನರ ತಂಡವಾದರೆ ಒಬ್ಬರಿಗೆ 24 ಮನೆ. ಇದಕ್ಕಿಂತ ಹೆಚ್ಚು ಕೊಟ್ಟರೆ ಮೂರನೆಯ ಭೇಟಿ ನಡೆಯುವುದಿಲ್ಲ. ಮತ ಬೀಳುವುದೋ ಇಲ್ಲವೋ ತಿಳಿಯುವುದೇ ಮೂರನೆಯ ಭೇಟಿಯಲ್ಲಿ. ತಂಡದಲ್ಲಿ ಪ್ರತಿ ಕೇರಿಯವರೂ ಇರಬೇಕು, ಅರ್ಧದಷ್ಟು ಹೆಂಗಸರಿರಬೇಕು. ಗಂಡಸರ ಗುಂಪು ಹಗಲು ಹೊತ್ತಿನಲ್ಲಿ ಬಾಗಿಲಿಗೆ ಹೋದರೆ ಒಳಗಿನವರು ತಲೆಯಾಡಿಸಿ ಕಳಿಸುತ್ತಾರೆ.

ಪಟ್ಟಿಯ ಪ್ರತಿ ಹೆಸರಿನ ಮುಂದೆ ಐದರಲ್ಲಿ ಒಂದು ಗುರುತು: ನಮ್ಮವರು, ಅನುಮಾನ, ಬೇರೆಯವರು, ಊರಲ್ಲಿಲ್ಲ, ತೀರಿಕೊಂಡವರು. ಜೊತೆಗೆ ಫೋನ್ ನಂಬರು, ಮನೆಯಲ್ಲಿ ಮಾತು ನಡೆಯುವವರು ಯಾರು ಎಂಬ ಒಂದು ಸಾಲು. ಇಲ್ಲಿ ತಪ್ಪುವುದು ಹೀಗೆ. ಮೇಲಿನವರು ಬೈಯುತ್ತಾರೆಂದು ಕಾರ್ಯಕರ್ತರು ‘ಅನುಮಾನ’ ಎಂದು ಬರೆಯಬೇಕಾದವರನ್ನೆಲ್ಲ ‘ನಮ್ಮವರು’ ಎಂದು ಬರೆಯುತ್ತಾರೆ. ಎಲ್ಲ ಬೂತುಗಳ ‘ನಮ್ಮವರು’ ಕೂಡಿಸಿದಾಗ ಮತದಾನವಾಗಬಹುದಾದ ಒಟ್ಟು ಮತದ ಶೇ 60 ದಾಟಿದರೆ ಪಟ್ಟಿ ಸುಳ್ಳು ಎಂದು ತಿಳಿದು ಮತ್ತೆ ಮಾಡಿಸಿ. ಪರೀಕ್ಷೆಗೆ ಸುಲಭ ದಾರಿಯಿದೆ: ಬೇರೆ ಊರಿನ ಕಾರ್ಯಕರ್ತರು ಪ್ರತಿ ಬೂತಿನಿಂದ 20 ಹೆಸರು ಆರಿಸಿ ಫೋನ್ ಮಾಡಲಿ. ಯಾರಿಗೆ ಮತ ಎಂದು ಕೇಳುವುದು ಬೇಡ, ನಮ್ಮವರು ಮನೆಗೆ ಬಂದಿದ್ದರೇ, ಏನು ಮಾತಾಡಿದರು ಎಂದಷ್ಟೇ ಕೇಳಲಿ. 20ರಲ್ಲಿ ಎಂಟು ಜನ ಯಾರೂ ಬಂದಿಲ್ಲ ಎಂದರೆ ಆ ಬೂತಿನ ಪಟ್ಟಿ ಮನೆಯಲ್ಲಿ ಕೂತು ಬರೆದದ್ದು.

‘ಊರಲ್ಲಿಲ್ಲ’ ಗುಂಪನ್ನು ಕಡೆಗಣಿಸಬೇಡಿ. ಕಲ್ಯಾಣ ಕರ್ನಾಟಕದ ಊರುಗಳಿಂದ ಬೆಂಗಳೂರು, ಗೋವಾ, ಮಹಾರಾಷ್ಟ್ರಕ್ಕೆ ಗುಳೆ ಹೋದವರು ಬೇಸಿಗೆಯ ಚುನಾವಣೆಗೆ ಊರಲ್ಲಿರುವುದು ಅಪರೂಪ. ಎಲ್ಲಿ ಕೆಲಸ, ಮೇಸ್ತ್ರಿ ಯಾರು, ಊರ ಜಾತ್ರೆ ಯಾವಾಗ ಎಂಬುದು ತಿಳಿದಿದ್ದರೆ ತಿಂಗಳ ಮುಂಚೆಯೇ ಮಾತಾಡಬಹುದು. ಮಲೆನಾಡು, ಕೊಡಗಿನ ತೋಟದ ಲೈನ್ ಮನೆಗಳಲ್ಲಿ ಸಂಜೆ ಆರರ ಮೇಲೆ ಹೋದರೆ ಮಾತ್ರ ಜನ ಸಿಗುತ್ತಾರೆ. ಬೆಂಗಳೂರಿನ ಪಾಡೇ ಬೇರೆ. ಅಲ್ಲಿ ಮತದಾನ ಅರ್ಧಕ್ಕಿಂತ ತುಸು ಹೆಚ್ಚಷ್ಟೇ ಆಗುತ್ತದೆ, ಬಾಡಿಗೆ ಮನೆಯವರು ವರ್ಷಕ್ಕೊಮ್ಮೆ ಜಾಗ ಬದಲಿಸುತ್ತಾರೆ, ಅಪಾರ್ಟ್‌ಮೆಂಟಿನ ಗೇಟಿನಲ್ಲೇ ತಡೆಯುತ್ತಾರೆ. ಒಳಗೆ ವಾಸವಿರುವ ಒಬ್ಬ ಕಾರ್ಯಕರ್ತೆ ಸಿಕ್ಕರೆ ಹೊರಗಿನ ಇಪ್ಪತ್ತು ಜನರ ಕೆಲಸವಾಗುತ್ತದೆ.

ಬಾಗಿಲಲ್ಲಿ ಏನು ಹೇಳಬೇಕು

ಪ್ರಣಾಳಿಕೆ ಇಡೀ ಓದಬೇಡಿ. ಒಂದು ರಾಜ್ಯದ ಮಾತು, ಒಂದು ಊರಿನ ಮಾತು, ಅಷ್ಟೇ. 2023ರಲ್ಲಿ ಕಾಂಗ್ರೆಸ್ ಮನೆಮನೆಗೆ ಹಂಚಿದ ಗ್ಯಾರಂಟಿ ಕಾರ್ಡಿನಲ್ಲಿ 200 ಯೂನಿಟ್ ವಿದ್ಯುತ್, ಮನೆಯೊಡತಿಗೆ 2,000 ರೂಪಾಯಿ ಎಂದು ಒಂದೇ ಉಸಿರಿನಲ್ಲಿ ಹೇಳಬಹುದಾದ ಅಂಕಿಗಳಿದ್ದವು. ಬಾಗಿಲಲ್ಲಿ ನೆನಪಿನಲ್ಲಿ ಉಳಿಯುವುದು ಅಂಥದ್ದೇ. ಆದರೆ ಚುನಾವಣೆಯ ನಂತರ ಕೊಡುವ ಯೋಜನೆಗೆ ಈಗಲೇ ಹೆಸರು ನೋಂದಾಯಿಸಿ ಎಂದು ಅರ್ಜಿ ತುಂಬಿಸಿಕೊಳ್ಳುವುದನ್ನು ನಿಲ್ಲಿಸುವಂತೆ ಆಯೋಗ 2024ರ ಮೇ ತಿಂಗಳಲ್ಲಿ ಪಕ್ಷಗಳಿಗೆ ಸೂಚಿಸಿದೆ. ಅದನ್ನು ಆಮಿಷವೆಂದು ನೋಡಲಾಗುತ್ತದೆ. ಊರಿನ ಮಾತು ಎಂದರೆ ಕೆಟ್ಟ ಬೋರ್‌ವೆಲ್, ನಿಂತ ಬಸ್ಸು, ಮುಚ್ಚಿದ ಶಾಲೆ. ಇದನ್ನು ಬೂತ್ ತಂಡವೇ ಬರೆದುಕೊಡಬೇಕು, ಜಿಲ್ಲಾ ಕಚೇರಿಯಿಂದ ಬಂದ ಒಂದೇ ಮಾತು ಎಲ್ಲ ಊರಿಗೂ ಹೊಂದುವುದಿಲ್ಲ. ಜಾತಿ, ಧರ್ಮದ ಹೆಸರಿನಲ್ಲಿ ಮತ ಕೇಳುವುದು ಪ್ರಜಾಪ್ರತಿನಿಧಿ ಕಾಯ್ದೆಯ 123ನೇ ಕಲಮಿನಡಿ ಭ್ರಷ್ಟಾಚರಣೆ. ಗೆದ್ದ ಚುನಾವಣೆಯೂ ಇದರಿಂದ ರದ್ದಾಗಬಹುದು.

ನಾಮಪತ್ರದ ವಾರ

2023ರ ವೇಳಾಪಟ್ಟಿ ನೋಡಿ: ಏಪ್ರಿಲ್ 13 ಅಧಿಸೂಚನೆ, 20 ನಾಮಪತ್ರದ ಕೊನೆ ದಿನ, 21 ಪರಿಶೀಲನೆ, 24 ವಾಪಸಾತಿ, ಮೇ 10 ಮತದಾನ, 13 ಎಣಿಕೆ. ಫಾರಂ 2ಬಿ ನಾಮಪತ್ರ, ಫಾರಂ 26 ಪ್ರಮಾಣಪತ್ರ. ಠೇವಣಿ 10,000 ರೂಪಾಯಿ, ಪರಿಶಿಷ್ಟ ಜಾತಿ-ಪಂಗಡದವರಿಗೆ 5,000. ಚಲಾವಣೆಯಾದ ಮತದಲ್ಲಿ ಆರನೇ ಒಂದಂಶಕ್ಕಿಂತ ಹೆಚ್ಚು ಬಾರದಿದ್ದರೆ ಠೇವಣಿ ಹೋಗುತ್ತದೆ. ಮಾನ್ಯತೆ ಪಡೆದ ಪಕ್ಷದವರಿಗೆ ಒಬ್ಬ ಸೂಚಕ ಸಾಕು, ಉಳಿದವರಿಗೆ ಹತ್ತು. ಅಭ್ಯರ್ಥಿ ರಾಜ್ಯದ ಯಾವ ಕ್ಷೇತ್ರದ ಮತದಾರರಾದರೂ ಆಗಬಹುದು, ಸೂಚಕರು ಮಾತ್ರ ಇದೇ ಕ್ಷೇತ್ರದವರಾಗಿರಬೇಕು.

ಇವರೇ ನಮ್ಮ ಅಭ್ಯರ್ಥಿ ಎಂದು ಪಕ್ಷ ಕೊಡುವ ಎ ಮತ್ತು ಬಿ ಫಾರಂ ಕೊನೆಯ ದಿನ ಮಧ್ಯಾಹ್ನ 3ರೊಳಗೆ ಚುನಾವಣಾಧಿಕಾರಿಯ ಕೈಸೇರಬೇಕು. ಶಾಯಿಯಲ್ಲಿ ಸಹಿ ಮಾಡಿದ ಮೂಲ ಪ್ರತಿಯೇ ಆಗಬೇಕು, ವಾಟ್ಸ್ಆ್ಯಪ್ ಚಿತ್ರ, ಜೆರಾಕ್ಸ್ ನಡೆಯದು. ಟಿಕೆಟ್ ಜಗಳ ಕೊನೆಯ ರಾತ್ರಿಯವರೆಗೆ ಎಳೆದರೆ ಬಿ ಫಾರಂ ದಾರಿಯಲ್ಲೇ ಉಳಿಯುತ್ತದೆ. ಪ್ರಮಾಣಪತ್ರದಲ್ಲಿ ಯಾವ ಅಂಕಣವನ್ನೂ ಖಾಲಿ ಬಿಡಬೇಡಿ. ಇಲ್ಲದ ಕಡೆ ‘ಇಲ್ಲ’ ಎಂದೇ ಬರೆಯಿರಿ. ಒಬ್ಬರು ನಾಲ್ಕು ಸೆಟ್‌ವರೆಗೆ ಸಲ್ಲಿಸಬಹುದು. ಬೇರೆ ಬೇರೆ ಸೂಚಕರಿಂದ ಎರಡಾದರೂ ಸಲ್ಲಿಸಿ. ಕ್ರಿಮಿನಲ್ ಪ್ರಕರಣ ಇದ್ದರೆ ಪತ್ರಿಕೆ ಮತ್ತು ಟಿವಿಯಲ್ಲಿ ಮೂರು ಸಲ ಪ್ರಕಟಿಸಬೇಕು, ಅದರ ಖರ್ಚು-ದಿನಾಂಕ ಈಗಲೇ ಗೊತ್ತುಮಾಡಿಕೊಳ್ಳಿ.

ಕರಪತ್ರವನ್ನು ಎರಡು ಕಂತಿನಲ್ಲಿ ಅಚ್ಚು ಹಾಕಿಸಿ. ಮತಯಂತ್ರದಲ್ಲಿನ ಕ್ರಮಸಂಖ್ಯೆ ಖಚಿತವಾಗುವುದು ವಾಪಸಾತಿ ಮುಗಿದ ಮೇಲೆ. ಅದೇ ಹೆಸರಿನ ಪಕ್ಷೇತರರು ಇದ್ದರೆ ಕ್ರಮಸಂಖ್ಯೆ, ಫೋಟೊ, ಚಿಹ್ನೆ ಮೂರನ್ನೂ ದೊಡ್ಡದಾಗಿ ತೋರಿಸಲೇಬೇಕು. ಪ್ರತಿ ಕರಪತ್ರದ ಮೇಲೆ ಮುದ್ರಕರು ಮತ್ತು ಪ್ರಕಾಶಕರ ಹೆಸರು, ವಿಳಾಸ ಕಡ್ಡಾಯ. 127ಎ ಕಲಮು ಮೀರಿದರೆ ಆರು ತಿಂಗಳವರೆಗೆ ಜೈಲು ಅಥವಾ 2,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

ಹದಿನಾಲ್ಕು ದಿನ ಮತ್ತು ನಲವತ್ತು ಲಕ್ಷ

ವಾಪಸಾತಿಯಿಂದ ಬಹಿರಂಗ ಪ್ರಚಾರ ಮುಗಿಯುವವರೆಗೆ 2023ರಲ್ಲಿ ಸಿಕ್ಕದ್ದು ಹದಿನಾಲ್ಕು ದಿನ. 250 ಬೂತುಗಳಿಗೆ ದಿನಕ್ಕೆ 18 ಬೂತು ಎಂದರೆ ಅಭ್ಯರ್ಥಿ ತೆರೆದ ಜೀಪಿನಲ್ಲಿ ಕೈಬೀಸುತ್ತ ಹೋಗಬಹುದು, ಅಷ್ಟೇ. ದಿನಕ್ಕೆ ಎಂಟು ಹೊರಳುವ ಬೂತುಗಳನ್ನು ಆರಿಸಿ. ಬೆಳಿಗ್ಗೆ 6ರಿಂದ 9, ಜನ ಹೊಲಕ್ಕೆ ಹೊರಡುವ ಮುಂಚೆ ನಾಲ್ಕು. ಸಂಜೆ 5ರಿಂದ 9, ಉಳಿದ ನಾಲ್ಕು. ನಡುವಿನ ಬಿಸಿಲಿನಲ್ಲಿ ಅಸಮಾಧಾನಗೊಂಡ ಮುಖಂಡರ ಮನೆ ಭೇಟಿ, ಫೋನ್, ಲೆಕ್ಕಪತ್ರ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ನಿಷಿದ್ಧ. ಸಭೆ, ವಾಹನಗಳಿಗೆ ಆಯೋಗದ ಆನ್‌ಲೈನ್ ಅನುಮತಿ ವ್ಯವಸ್ಥೆಯಾದ ಸುವಿಧಾ ಮೂಲಕ 48 ಗಂಟೆ ಮುಂಚೆ ಅರ್ಜಿ ಹಾಕಿ. ಒಂದೇ ಮೈದಾನಕ್ಕೆ ಇಬ್ಬರು ಕೇಳಿದಾಗ ಮೊದಲು ಹಾಕಿದವರಿಗೇ ಸಿಗುತ್ತದೆ.

ಅಭ್ಯರ್ಥಿಯ ಖರ್ಚಿನ ಮಿತಿ 40 ಲಕ್ಷ ರೂಪಾಯಿ. 250 ಬೂತಿಗೆ ಹಂಚಿದರೆ ಬೂತಿಗೆ 16,000 ಮಾತ್ರ. ಈ ಒಂದು ಭಾಗಾಕಾರ ಮಾಡಿದರೆ ಒಂದು ದೊಡ್ಡ ಸಮಾವೇಶ ಎಷ್ಟು ಬೂತಿನ ಹಣ ನುಂಗುತ್ತದೆ ಎಂದು ತಿಳಿಯುತ್ತದೆ. ನಾಮಪತ್ರಕ್ಕೆ ಕನಿಷ್ಠ ಒಂದು ದಿನ ಮುಂಚೆ ಪ್ರತ್ಯೇಕ ಬ್ಯಾಂಕ್ ಖಾತೆ ತೆರೆಯಿರಿ. ಒಬ್ಬ ವ್ಯಕ್ತಿಗೆ ಅಥವಾ ಸಂಸ್ಥೆಗೆ 10,000ಕ್ಕಿಂತ ಹೆಚ್ಚು ನಗದು ಕೊಡುವಂತಿಲ್ಲ. ಖರ್ಚಿನ ಪುಸ್ತಕದಲ್ಲಿ ಮೂರು ಭಾಗ: ದಿನದ ಲೆಕ್ಕಕ್ಕೆ ಬಿಳಿ ಹಾಳೆ, ನಗದಿಗೆ ಗುಲಾಬಿ, ಬ್ಯಾಂಕಿಗೆ ಹಳದಿ. ಪ್ರಚಾರದ ಅವಧಿಯಲ್ಲಿ ಮೂರು ಸಲ ಇದರ ತಪಾಸಣೆ ನಡೆಯುತ್ತದೆ. ಕುರ್ಚಿ, ಶಾಮಿಯಾನ, ಬಾವುಟ, ಊಟ ಎಲ್ಲಕ್ಕೂ ಜಿಲ್ಲಾ ಚುನಾವಣಾಧಿಕಾರಿಯ ದರಪಟ್ಟಿ ಇರುತ್ತದೆ. ಆಯೋಗದವರು ವಿಡಿಯೊ ನೋಡಿ ತಮ್ಮದೇ ನೆರಳು ಪುಸ್ತಕ ಬರೆಯುತ್ತಾರೆ. ನಿಮ್ಮ ಲೆಕ್ಕದಲ್ಲಿ 300 ಕುರ್ಚಿ, ಅವರದರಲ್ಲಿ 1,000 ಇದ್ದರೆ ನೋಟಿಸ್ ಬರುತ್ತದೆ. ತಾರಾ ಪ್ರಚಾರಕರ ಪ್ರಯಾಣ ಪಕ್ಷದ ಲೆಕ್ಕಕ್ಕೆ. ಅವರ ಜೊತೆ ಅಭ್ಯರ್ಥಿ ವೇದಿಕೆ ಹತ್ತಿದರೆ ಆ ಸಭೆಯ ಖರ್ಚು ಅಭ್ಯರ್ಥಿಯ ಹೆಗಲಿಗೂ ಬೀಳುತ್ತದೆ. ಮಾನ್ಯತೆ ಪಡೆದ ಪಕ್ಷಕ್ಕೆ 40 ತಾರಾ ಪ್ರಚಾರಕರು, ಪಟ್ಟಿ ಅಧಿಸೂಚನೆಯಿಂದ ಏಳು ದಿನದೊಳಗೆ ಹೋಗಬೇಕು.

ಹಣ, ಸೀರೆ, ಕುಕ್ಕರ್ ಹಂಚುವ ಮಾತು ಕೇಳಿ ಬಂದೇ ಬರುತ್ತದೆ. ಅದು ಅಪರಾಧ, ಮತದಾರರಿಗೆ ಅವಮಾನ ಕೂಡ. ಬೂತ್ ತಂಡ ಗಟ್ಟಿಯಿಲ್ಲದವರೇ ಕೊನೆಯ ಎರಡು ರಾತ್ರಿ ಇದಕ್ಕೆ ಕೈಹಾಕುವುದು. ಎದುರಾಳಿ ಹಂಚುತ್ತಿದ್ದರೆ ದೂರು ಕೊಡಲು ಆಯೋಗದ ಸಿ-ವಿಜಿಲ್ ಆ್ಯಪ್‌ನಲ್ಲಿ ಜಾಗದಲ್ಲೇ ಫೋಟೊ ಅಥವಾ ವಿಡಿಯೊ ತೆಗೆದು ಹಾಕಿ. ಹಳೆಯ ಫೋಟೊ ಅದರಲ್ಲಿ ಹಾಕಲಾಗುವುದಿಲ್ಲ.

ಮನೆಯಿಂದ ಮತ ಹಾಕುವವರನ್ನು ಮರೆಯಬೇಡಿ. 85 ದಾಟಿದವರು, ಶೇ 40ಕ್ಕಿಂತ ಕಡಿಮೆಯಿಲ್ಲದ ಅಂಗವೈಕಲ್ಯ ಇರುವವರು ಅಧಿಸೂಚನೆಯಾದ ಐದು ದಿನದೊಳಗೆ ಫಾರಂ 12ಡಿ ಕೊಡಬೇಕು. ಕೊಟ್ಟವರು ಮತ್ತೆ ಮತಗಟ್ಟೆಯಲ್ಲಿ ಮತ ಹಾಕಲಾರರು. ನಿಮ್ಮ ಪಟ್ಟಿಯಲ್ಲಿ ಅವರಿಗೆ ಬೇರೆ ಗುರುತು ಬೇಕು.

ಮತದಾನದ ದಿನ

ಮತದಾನ 7ಕ್ಕೆ ಶುರುವಾದರೆ ಅಣಕು ಮತದಾನ 5.30ಕ್ಕೆ. ನಿಮ್ಮ ಏಜೆಂಟ್ 5.15ಕ್ಕೆ ಕೊಠಡಿಯಲ್ಲಿರಬೇಕು. ಫಾರಂ 10 (ಏಜೆಂಟರ ನೇಮಕ ಪತ್ರ), ಗುರುತಿನ ಚೀಟಿ, ಪಟ್ಟಿಯ ಪ್ರತಿ, ಎರಡು ಪೆನ್ನು ಜೊತೆಗಿರಲಿ. ಮೊಬೈಲ್ ಒಳಗೆ ಬೇಡ. ಒಬ್ಬ ಏಜೆಂಟ್, ಬದಲಿ ಏಜೆಂಟರು ಇಬ್ಬರು, ಆದರೆ ಒಳಗೆ ಒಂದು ಹೊತ್ತಿಗೆ ಒಬ್ಬರೇ. ಅಣಕು ಮತದಾನದಲ್ಲಿ ಕನಿಷ್ಠ 50 ಮತ ಹಾಕಿ, ಫಲಿತಾಂಶ ನೋಡಿ, ಯಂತ್ರವನ್ನು ಸೊನ್ನೆಗೆ ತರಬೇಕು. ಈ ಅಳಿಸುವ ಕೆಲಸ ಮರೆತುಹೋದ ಮತಗಟ್ಟೆಗಳಲ್ಲಿ ಎಣಿಕೆಯ ದಿನ ತಕರಾರು ಏಳುತ್ತದೆ. ಸೊನ್ನೆ ಕಣ್ಣಾರೆ ನೋಡಿದ ಮೇಲೆಯೇ ಸಹಿ ಹಾಕಲಿ, ಕಂಟ್ರೋಲ್ ಯೂನಿಟ್ಟಿನ ಮತ್ತು ಸೀಲಿನ ನಂಬರು ಬರೆದುಕೊಳ್ಳಲಿ. ಮತ ಯಾರಿಗೆ ಬಿತ್ತೆಂದು ಚೀಟಿ ಮುದ್ರಿಸುವ ವಿವಿಪ್ಯಾಟಿನ ಅಣಕು ಚೀಟಿಗಳು ಕಪ್ಪು ಲಕೋಟೆಗೆ ಹೋದವೇ ಎಂದೂ ನೋಡಲಿ.

ಪಕ್ಷದ ಹೊರಗಿನ ಮೇಜು ಮೊದಲು ಮತಗಟ್ಟೆಯಿಂದ 200 ಮೀಟರಿನಾಚೆ ಇರಬೇಕಿತ್ತು, 2025ರ ಬದಲಾವಣೆಯಂತೆ 100 ಮೀಟರ್ ದಾಟಿದರೆ ಸಾಕು. ಅಲ್ಲಿ ಕೊಡುವ ಚೀಟಿ ಬಿಳಿ ಹಾಳೆಯದಾಗಿರಬೇಕು. ಅಭ್ಯರ್ಥಿಯ ಹೆಸರು, ಪಕ್ಷ, ಚಿಹ್ನೆ ಇರಬಾರದು. ಯಾರು ಮತ ಹಾಕಿದರು ಎಂದು ಒಳಗಿನ ಏಜೆಂಟ್ ಕ್ರಮಸಂಖ್ಯೆ ಬರೆದು ಹೊರಗೆ ಕಳಿಸುವಂತಿಲ್ಲ. ಆದ್ದರಿಂದ ಹೊರಗಿನ ಮೇಜಿನವರೇ ಚೀಟಿ ಪಡೆದವರ, ಬೆರಳಿಗೆ ಶಾಯಿ ಹಾಕಿಸಿಕೊಂಡು ಬಂದವರ ಹೆಸರಿಗೆ ತಮ್ಮ ಪಟ್ಟಿಯಲ್ಲಿ ಗೀಟು ಹಾಕಬೇಕು. 11ಕ್ಕೊಮ್ಮೆ, 2ಕ್ಕೊಮ್ಮೆ ಉಳಿದ ‘ನಮ್ಮವರು’ ಹೆಸರುಗಳನ್ನು ಮನೆಯ ಹೊಣೆ ಹೊತ್ತವರಿಗೆ ಹಂಚಿ. 2 ಗಂಟೆಯ ಪಟ್ಟಿಯೇ ಮುಖ್ಯ. 4 ಗಂಟೆಗೆ ಹೊರಟರೆ ಊಟ ಮಾಡಿ ಮಲಗಿದವರನ್ನು ಎಬ್ಬಿಸಿ ಕಳಿಸಲು ಹೊತ್ತು ಸಾಲದು. ಬಾಡಿಗೆ ಆಟೋ, ಜೀಪು ಕಳಿಸಿ ಮತದಾರರನ್ನು ಕರೆತರಬೇಡಿ. ಊರಲ್ಲಿ ಇದು ಉಪಕಾರವೆಂದೇ ನಡೆದುಬಂದಿದೆ, ಕಾಯ್ದೆಯಲ್ಲಿ ಮಾತ್ರ ಭ್ರಷ್ಟಾಚರಣೆ. ಮನೆಗೆ ಹೋಗಿ ನೆನಪಿಸಿ, ಜೊತೆಗೆ ನಡೆದು ಬನ್ನಿ.

ಒಬ್ಬರ ಮತವನ್ನು ಬೇರೆಯವರು ಮೊದಲೇ ಹಾಕಿದ್ದರೆ ಅವರನ್ನು ವಾಪಸ್ ಕಳಿಸಬಾರದು. ಗುರುತು ಖಚಿತವಾದರೆ ಕಾಗದದ ಮತಪತ್ರದಲ್ಲಿ ಮತ ಹಾಕುವ ಹಕ್ಕಿದೆ. 6ಕ್ಕೆ ಸಾಲಿನಲ್ಲಿ ನಿಂತವರಿಗೆಲ್ಲ ಕೊನೆಯವರಿಂದ ಶುರುಮಾಡಿ ಚೀಟಿ ಕೊಡುತ್ತಾರೆ, ಅವರೆಲ್ಲ ಮತ ಹಾಕುವವರೆಗೆ ಏಜೆಂಟ್ ಏಳಬಾರದು. ಕೊನೆಗೆ ಆ ಮತಗಟ್ಟೆಯಲ್ಲಿ ಬಿದ್ದ ಒಟ್ಟು ಮತದ ಲೆಕ್ಕವಾದ ಫಾರಂ 17ಸಿ ಪ್ರತಿ ಕೈಗೆ ಬಾರದೆ ಕೊಠಡಿ ಬಿಡಬೇಡಿ. ಹಸಿವು, ದಣಿವಿನಲ್ಲಿ ಬಹಳ ಏಜೆಂಟರು ಬಿಟ್ಟುಬರುವುದು ಇದೇ ಕಾಗದವನ್ನು. ಅದನ್ನು ಅಂದು ರಾತ್ರಿಯೇ ಕ್ಷೇತ್ರ ಕಚೇರಿಗೆ ತರಿಸಿ, ಬೂತ್ ಸಂಖ್ಯೆಯ ಪ್ರಕಾರ ಜೋಡಿಸಿ.

ಎಣಿಕೆ

ಎಣಿಕೆ ಏಜೆಂಟರ ನೇಮಕದ ಫಾರಂ 18 ಮೂರು ದಿನ ಮುಂಚೆ ಸಂಜೆ 5ರೊಳಗೆ ಹೋಗಬೇಕು. 8ಕ್ಕೆ ಅಂಚೆ ಮತ, 8.30ಕ್ಕೆ ಮತಯಂತ್ರ. ಪ್ರತಿ ಮೇಜಿನ ಏಜೆಂಟರ ಕೈಯಲ್ಲಿ ಆ ಮೇಜಿಗೆ ಬರುವ ಬೂತುಗಳ 17ಸಿ ಇರಬೇಕು. ಯಂತ್ರದ ನಂಬರು ಮತ್ತು ಒಟ್ಟು ಮತ ತಾಳೆಯಾಗದಿದ್ದರೆ ಬಾಯಿಮಾತಿನಲ್ಲಿ ಕೂಗಾಡದೆ ಬರೆದು ಕೊಡಿ. ಅಂಚೆ ಮತದ ಮೇಜಿಗೆ ನಿಯಮ ಬಲ್ಲ, ತಾಳ್ಮೆಯಿರುವವರನ್ನು ಕೂರಿಸಿ. ಗೆಲುವಿನ ಅಂತರ ತಿರಸ್ಕೃತ ಅಂಚೆ ಮತಗಳಿಗಿಂತ ಕಡಿಮೆಯಾದರೆ ಅವನ್ನೆಲ್ಲ ಮತ್ತೆ ಪರಿಶೀಲಿಸಲೇಬೇಕು. ಕೊನೆಯಲ್ಲಿ ಚೀಟಿ ಎತ್ತಿ ಆರಿಸಿದ ಐದು ಮತಗಟ್ಟೆಗಳ ವಿವಿಪ್ಯಾಟ್ ಚೀಟಿಗಳನ್ನು ಎಣಿಸುತ್ತಾರೆ. ಅಲ್ಲಿಯವರೆಗೆ ಹಾರ ಹಿಡಿದು ಹೊರಗೆ ಓಡುವ ಏಜೆಂಟರನ್ನು ತಡೆಯಿರಿ. ಮರುಎಣಿಕೆ ಬೇಕಿದ್ದರೆ ಫಲಿತಾಂಶ ಘೋಷಣೆಗೆ ಮುಂಚೆ, ಕಾರಣಸಮೇತ ಲಿಖಿತವಾಗಿ ಕೇಳಬೇಕು. ಆ ಅರ್ಜಿಯ ಖಾಲಿ ನಮೂನೆ ಬೆಳಿಗ್ಗೆಯೇ ಚುನಾವಣಾ ಏಜೆಂಟರ ಜೇಬಿನಲ್ಲಿರಲಿ.

ಘೋಷಣೆಯಾದ 30 ದಿನದೊಳಗೆ ಖರ್ಚಿನ ಲೆಕ್ಕ ಜಿಲ್ಲಾ ಚುನಾವಣಾಧಿಕಾರಿಗೆ ಹೋಗಬೇಕು. ಸೋತವರೂ ಕೊಡಬೇಕು, ಕೊಡದಿದ್ದರೆ ಮೂರು ವರ್ಷ ಅನರ್ಹತೆ. ಚುನಾವಣಾ ತಕರಾರು ಅರ್ಜಿಗೆ ಹೈಕೋರ್ಟಿನಲ್ಲಿ 45 ದಿನ. ಅಷ್ಟು ದಿನ ಗೀಟು ಹಾಕಿದ ಪಟ್ಟಿಗಳನ್ನೂ 17ಸಿ ಪ್ರತಿಗಳನ್ನೂ ಕಚೇರಿಯ ಬೀರುವಿನಿಂದ ಆಚೆ ಬಿಡಬೇಡಿ.